ಛತ್ರಿಯಿಂದ ಪರದೆಯವರೆಗೆ: ಹೋಮ್ ಥಿಯೇಟರ್ ಕಂಪ್ಯೂಟರಿಗೆ ಟಿವಿ ಟ್ಯೂನರ್ ಕಾರ್ಡ್ ಜೋಡಿಸುವುದು

ಕಾರ್ಡ್ ಹಾಕಿಯಾಯ್ತು, ಸಾಫ್ಟ್‌ವೇರೂ ಹಾಕಿಯಾಯ್ತು, ಸ್ಕ್ಯಾನ್ ಕೊಟ್ಟರೆ ಮಾತ್ರ ಸೊನ್ನೆ ಚಾನೆಲ್. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಕಾರ್ಡನ್ನು ಬೈಯುತ್ತಾರೆ, ಆಮೇಲೆ ಡ್ರೈವರನ್ನು. ತಪ್ಪು ಹೆಚ್ಚಾಗಿ ಅವೆರಡರದೂ ಅಲ್ಲ, ಟೆರೇಸಿನದು: ತಿರುಗಿಸದೆ ನೆಟ್ಟಗೆ ಬಿಟ್ಟ ಎಲ್‌ಎನ್‌ಬಿ (ಡಿಶ್‌ನ ಮುಂದೆ ತೋಳಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಭಾಗ), ಮಳೆನೀರು ಕುಡಿದ ಎಫ್ ಕನೆಕ್ಟರ್ (ಕೇಬಲಿನ ತುದಿಗೆ ಹಾಕುವ ತಿರುಪಿನ ಪ್ಲಗ್), ಪಕ್ಕದ ಉಪಗ್ರಹಕ್ಕೆ ಮುಖ ಮಾಡಿದ ಡಿಶ್. ಆದ್ದರಿಂದ ಸಿಗ್ನಲ್ ಬರುವ ದಾರಿಯಲ್ಲೇ, ಆಕಾಶದಿಂದ ಶುರುಮಾಡಿ ಸೋಫಾದ ಎದುರಿನ ಪರದೆಗೆ ಬರೋಣ. ಉದಾಹರಣೆಗೆ ತೆಗೆದುಕೊಂಡಿರುವುದು ಡಿಡಿ ಫ್ರೀ ಡಿಶ್ (ತಿಂಗಳ ಹಣ ಕಟ್ಟಬೇಕಿಲ್ಲದ ಸರ್ಕಾರಿ ಉಪಗ್ರಹ ಟಿವಿ ಸೇವೆ), ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಯಾಟಲೈಟ್ ಕಾರ್ಡ್, ಲಿನಕ್ಸ್, ಮತ್ತು ಟಿವಿಹೆಡೆಂಡ್–ಕೋಡಿ ಜೋಡಿ (ಮೊದಲನೆಯದು ಟ್ಯೂನರ್ ನಡೆಸುವ ಸಾಫ್ಟ್‌ವೇರ್, ಎರಡನೆಯದು ಚಿತ್ರ ತೋರಿಸುವ ಸಾಫ್ಟ್‌ವೇರ್).

ಕಾರ್ಡ್ ಹಿಡಿಯುವುದು ಚಾನೆಲ್ಲನ್ನಲ್ಲ

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸಲೀಸು. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್ (ಒಂದು ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡುವ ಘಟಕ) ಹತ್ತಾರು ಚಾನೆಲ್‌ಗಳನ್ನು ಹೆಣೆದು ಒಂದೇ ಬಿಟ್‌ಧಾರೆಯಾಗಿ ಕಳಿಸುತ್ತದೆ. ಟ್ಯೂನರ್ ಹಿಡಿಯುವುದು ಈ ಇಡೀ ಧಾರೆಯನ್ನು. ಫ್ರೀ ಡಿಶ್‌ನ ಒಂದು ಟ್ರಾನ್ಸ್‌ಪಾಂಡರಿನ ಲೆಕ್ಕ ನೋಡಿ: ಸೆಕೆಂಡಿಗೆ 2.95 ಕೋಟಿ ಸಿಂಬಲ್ (ಅಲೆಯ ಒಂದೊಂದು ಮಿಡಿತ), ಕ್ಯೂಪಿಎಸ್‌ಕೆ ಎಂಬ ವಿಧಾನದಲ್ಲಿ ಸಿಂಬಲಿಗೆ 2 ಬಿಟ್, ತಪ್ಪು ತಿದ್ದಲು ಇಟ್ಟ ಭಾಗ ಕಳೆದು ಮುಕ್ಕಾಲು (ಅದೇ ಎಫ್‌ಇಸಿ 3/4), ಅದರಲ್ಲೂ ಪ್ರತಿ 204 ಬೈಟಿಗೆ 188 ಮಾತ್ರ ನಿಜವಾದ ಸರಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 40.8 ಮೆಗಾಬಿಟ್. ಒಂದು ಚಾನೆಲ್ಲಿಗೆ 3 ಮೆಗಾಬಿಟ್ ಎಂದುಕೊಂಡರೂ ಹನ್ನೆರಡು ಹದಿಮೂರು ಚಾನೆಲ್ ಒಂದೇ ಧಾರೆಯಲ್ಲಿ ಬಂತು.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದೇ ಟ್ರಾನ್ಸ್‌ಪಾಂಡರಿನಲ್ಲಿರುವ ನಾಲ್ಕು ಚಾನೆಲ್‌ಗಳನ್ನು ಒಂದೇ ಟ್ಯೂನರಿನಲ್ಲಿ ಏಕಕಾಲಕ್ಕೆ ರೆಕಾರ್ಡ್ ಮಾಡಬಹುದು. ಬೇರೆ ಬೇರೆ ಟ್ರಾನ್ಸ್‌ಪಾಂಡರಿನ ಎರಡು ಚಾನೆಲ್ ಬೇಕೆಂದರೆ ಎರಡು ಟ್ಯೂನರ್ ಬೇಕು. ನಾಲ್ಕು ಟ್ಯೂನರಿನ ದುಬಾರಿ ಕಾರ್ಡ್ ಕೊಳ್ಳುವ ಮುನ್ನ ನಿಮಗೆ ಬೇಕಾದ ಚಾನೆಲ್‌ಗಳು ಎಷ್ಟು ಟ್ರಾನ್ಸ್‌ಪಾಂಡರಿನಲ್ಲಿ ಹಂಚಿಹೋಗಿವೆ ನೋಡಿ. ಹೆಚ್ಚಿನ ಮನೆಗಳಿಗೆ ಎರಡು ಸಾಕು.

ಒತ್ತಿ ಕಳಿಸಿದ ಚಿತ್ರವನ್ನು ಬಿಚ್ಚುವುದೂ ಕಾರ್ಡಿನ ಕೆಲಸವಲ್ಲ. ಧಾರೆಯನ್ನು ಮೆಮೊರಿಗೆ ಸುರಿದರೆ ಅದರ ಪಾಲು ಮುಗಿಯಿತು. ಎಂಪೆಗ್-2 ಅಥವಾ ಎಚ್.264 (ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ಎರಡು ವಿಧಾನ) ಬಿಚ್ಚುವುದು ಪ್ರೊಸೆಸರಿನ ಜೊತೆಗಿರುವ ಗ್ರಾಫಿಕ್ಸ್. ನಾಲ್ಕನೇ ಪೀಳಿಗೆಯ ಹಳೆಯ ಕೋರ್ ಐ3, 4 ಜಿಬಿ ರ‍್ಯಾಮ್ ಇದ್ದರೂ ಈ ಕೆಲಸಕ್ಕೆ ಧಾರಾಳ.

ಯಾವ ಕಾರ್ಡ್

ಹಳೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಅನಲಾಗ್ ಟ್ಯೂನರ್ ಕಾರ್ಡನ್ನು ಮರೆತುಬಿಡಿ. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರುಗಳು 2022ರ ಹೊತ್ತಿಗೆ ಗಡಿಭಾಗದ ಕೆಲವನ್ನು ಬಿಟ್ಟು ಮುಚ್ಚಿದವು. ಅಂಥ ಕಾರ್ಡ್ ಕೂರಿಸಲು ಬೇಕಾದ ಹಳೆಯ ಪಿಸಿಐ ಸ್ಲಾಟು ಹೊಸ ಮದರ್‌ಬೋರ್ಡುಗಳಲ್ಲಿ ಇರುವುದೂ ಇಲ್ಲ. ಕೇಬಲ್ ಟಿವಿಗೆ ಡಿವಿಬಿ-ಸಿ ಕಾರ್ಡ್ ಹಾಕಿದರೆ ಧಾರೆ ಸಿಗುತ್ತದೆ, ಆದರೆ ಅದಕ್ಕೆ ಬೀಗ ಹಾಕಿರುತ್ತಾರೆ. ಹಣ ಕಟ್ಟುವ ಡಿಟಿಎಚ್ ಕಥೆಯೂ ಅದೇ; ಅದರ ಬೀಗದ ಕೈ ಆ ಕಂಪನಿಯ ಸೆಟ್‌ಟಾಪ್ ಬಾಕ್ಸಿನಲ್ಲೇ ಇರುತ್ತದೆ. ಬೀಗವಿಲ್ಲದೆ ಬರುವ ಉಪಗ್ರಹ ಚಾನೆಲ್‌ಗಳೇ ನಮ್ಮ ದಾರಿ. ಕನ್ನಡದವರಿಗೆ ಮೊದಲು ನೆನಪಾಗುವುದು ಡಿಡಿ ಚಂದನ.

ಕೊಳ್ಳುವಾಗ ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಎರಡನೇ ಪೀಳಿಗೆಯ ಮಾನದಂಡ) ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೀ ಡಿವಿಬಿ-ಎಸ್ ಇರುವ ಹಳೆಯ ಕಾರ್ಡಿನಲ್ಲಿ ಫ್ರೀ ಡಿಶ್‌ನ ಎಂಪೆಗ್-2 ಸ್ಲಾಟುಗಳು (ಚಾನೆಲ್ಲಿಗೆ ಕೊಟ್ಟ ಜಾಗಗಳು) ಬರುತ್ತವೆ, ಎಸ್2ರಲ್ಲಿ ಬರುವವು ಬರುವುದಿಲ್ಲ. ಹಾಪಾಜ್‌ನ ಎಚ್‌ವಿಆರ್-5525 ಥರದವಕ್ಕೆ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ. ಟಿಬಿಎಸ್ ಕಾರ್ಡುಗಳಲ್ಲಿ ಟ್ಯೂನರ್ ಜಾಸ್ತಿ, ಆದರೆ ಹಲವಕ್ಕೆ ಡ್ರೈವರನ್ನು ಹೊರಗಿನಿಂದ ತಂದು ನಾವೇ ಕಂಪೈಲ್ ಮಾಡಬೇಕು, ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಮಾಡಬೇಕು. ಟಿವಿ ನೋಡಲು ಕೂತ ದಿನ ಈ ಕೆಲಸ ಯಾರಿಗೂ ಬೇಡ. ಒಂದೇ ಟ್ಯೂನರಾದರೂ ಪರವಾಗಿಲ್ಲ, ಕರ್ನಲ್‌ನೊಳಗೆ ಡ್ರೈವರ್ ಇರುವ ಕಾರ್ಡೇ ನೆಮ್ಮದಿ. ಈಗಿನ ಅಂಗೈ ಅಗಲದ ಮಿನಿ ಪಿಸಿಗಳಿಗೆ ಸ್ಲಾಟೇ ಇರುವುದಿಲ್ಲ; ಅವಕ್ಕೆ ಯುಎಸ್‌ಬಿ ಟ್ಯೂನರ್, ಇಲ್ಲವೇ ನೆಟ್‌ವರ್ಕ್ ಮೂಲಕ ಧಾರೆ ಕೊಡುವ ಸ್ಯಾಟ್-ಐಪಿ ಪೆಟ್ಟಿಗೆ ನೋಡಬೇಕು. ಸಣ್ಣ ಕ್ಯಾಬಿನೆಟ್ ಇದ್ದರೆ ಕಾರ್ಡಿನ ಜೊತೆ ಗಿಡ್ಡ ಬ್ರ್ಯಾಕೆಟ್ ಬರುತ್ತದೆಯೇ ಎಂದು ಕೇಳಿ ತೆಗೆದುಕೊಳ್ಳಿ.

ಟೆರೇಸಿನ ಕೆಲಸ

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಹಾರಿದ ಉಪಗ್ರಹ ಇದು. ಇಸ್ರೋದ ಇಂಥ ಉಪಗ್ರಹಗಳ ಜುಟ್ಟು ಹಿಡಿದಿರುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಬೆಂಗಳೂರಿನಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣವಾಗಿ 128 ಡಿಗ್ರಿಯಲ್ಲಿ, ಅಂದರೆ ಆಗ್ನೇಯದಲ್ಲಿ, ನೆಲದಿಂದ 66 ಡಿಗ್ರಿ ಎತ್ತರದಲ್ಲಿದೆ. ಮಂಗಳೂರಿಗೆ 123 ಮತ್ತು 64. ಕಲಬುರಗಿಗೆ 135 ಮತ್ತು 62. ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಸ್ಟ್ಯಾಂಡಿನಿಂದ ಎರಡು ಮೂರು ಹೆಜ್ಜೆ ದೂರ ನಿಂತು ನೋಡಿ.

ಸಾಮಾನ್ಯ 60 ಸೆಂ.ಮೀ. ಡಿಶ್ ಆಫ್‌ಸೆಟ್ ಮಾದರಿಯದು. ಅದರ ಮುಖ ನಿಜವಾದ ದಿಕ್ಕಿಗಿಂತ ಸುಮಾರು 25 ಡಿಗ್ರಿ ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. 66 ಡಿಗ್ರಿ ಎಂದು ಕಣ್ಣಳತೆಯಲ್ಲಿ ಆಕಾಶಕ್ಕೆ ಎತ್ತಿಬಿಟ್ಟರೆ ಏನೂ ಸಿಗದು. ಕ್ಲ್ಯಾಂಪಿನ ಮೇಲಿನ ಅಂಕಿಯನ್ನೇ ನಂಬಿ. ಆ ಅಂಕಿ ನಂಬಲು ಕಂಬ ನೆಟ್ಟಗಿರಬೇಕು, ಅದಕ್ಕೆ ಮೊದಲು ರಸಮಟ್ಟ ಹಿಡಿಯಿರಿ. ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ದಿಕ್ಕು ಒಂದು ಡಿಗ್ರಿ ಬದಲಾಯಿತು. ಎರಡೇ ಡಿಗ್ರಿ ಪಕ್ಕದಲ್ಲಿ, 91.5ರಲ್ಲಿ, ಮೀಸ್ಯಾಟ್ ಇದೆ. ಸಿಗ್ನಲ್ ಸಿಕ್ಕಾಗ ‘ಕೀಂ’ ಎಂದು ಕೂಗುವ ಅಗ್ಗದ ಫೈಂಡರ್ ಮೀಟರಿಗೆ ಎರಡೂ ಒಂದೇ. ಜೋರಾಗಿ ಕೂಗಿತೆಂದು ನಟ್ಟು ಬಿಗಿದು ಇಳಿದು ಬಂದರೆ, ಕಂಪ್ಯೂಟರಿನಲ್ಲಿ ಸಿಗ್ನಲ್ ತುಂಬಾ ಇದೆ ಆದರೆ ಲಾಕ್ ಆಗುತ್ತಿಲ್ಲ (ಧಾರೆ ಕೈಗೆ ಸಿಗುತ್ತಿಲ್ಲ) ಎಂಬ ಒಗಟು ಕಾದಿರುತ್ತದೆ. ಒಂದು ಅಗ್ಗದ ಫ್ರೀ ಡಿಶ್ ಬಾಕ್ಸನ್ನೂ ಸಣ್ಣ ಟಿವಿಯನ್ನೂ ಟೆರೇಸಿಗೇ ಒಯ್ದು ಚಿತ್ರ ನೋಡಿಕೊಂಡು ಹೊಂದಿಸುವುದು ಒಳ್ಳೆಯದು.

ಹೆಚ್ಚು ಜನ ಎಡವುವುದು ಎಲ್‌ಎನ್‌ಬಿಯ ತಿರುವಿನಲ್ಲಿ. ಉಪಗ್ರಹ ನಮ್ಮ ರೇಖಾಂಶಕ್ಕಿಂತ 16 ಡಿಗ್ರಿ ಪೂರ್ವಕ್ಕಿದೆ, ನಾವಿರುವುದು ಭೂಮಧ್ಯರೇಖೆಯ ಹತ್ತಿರ. ಹಾಗಾಗಿ ಉಪಗ್ರಹದ ‘ಲಂಬ’ ಅಲೆ ಬೆಂಗಳೂರಿಗೆ ಬರುವಾಗ ಸುಮಾರು 50 ಡಿಗ್ರಿ ವಾಲಿರುತ್ತದೆ. ಡಿಶ್‌ನ ಹಿಂದೆ ನಿಂತು ಉಪಗ್ರಹದ ಕಡೆ ನೋಡುತ್ತ ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಅಷ್ಟು ತಿರುಗಿಸಬೇಕು. ತಿರುಗಿಸದೆ ಬಿಟ್ಟರೆ ಲಂಬ–ಅಡ್ಡ ಎರಡೂ ಅಲೆಗಳು ಸರಿಸುಮಾರು ಸಮನಾಗಿ ಬೆರೆತು ಒಂದನ್ನೊಂದು ಕೆಡಿಸುತ್ತವೆ. ಉಲ್ಟಾ ದಿಕ್ಕಿಗೆ 50 ತಿರುಗಿಸಿದರೆ ಒಟ್ಟು 100 ಡಿಗ್ರಿ ತಪ್ಪು. ಆಗ ಲಂಬ ಕೇಳಿದರೆ ಅಡ್ಡದ್ದು ಬರುತ್ತದೆ. ಸ್ಕ್ಯಾನಿನಲ್ಲಿ ‘ವಿ’ (ಲಂಬ) ಹಾಕಿದರೆ ಸೊನ್ನೆ, ‘ಎಚ್’ (ಅಡ್ಡ) ಹಾಕಿದರೆ ಚಾನೆಲ್ ಬರುತ್ತಿದ್ದರೆ ಕಾರಣ ಇದೇ. ಉತ್ತರ ಭಾರತದ ವೀಡಿಯೊ ನೋಡಿ ಅದೇ ಕೋನದಲ್ಲಿ ಕೂರಿಸಿದರೆ ನಮಗೆ ಹೊಂದುವುದಿಲ್ಲ, ಅಕ್ಷಾಂಶ ಹೆಚ್ಚಿದಂತೆ ಈ ತಿರುವು ಕಡಿಮೆಯಾಗುತ್ತ ಹೋಗುತ್ತದೆ.

ಕೇಬಲ್ ಆರ್‌ಜಿ-6 ಇರಲಿ, ಸಾಧ್ಯವಾದರೆ ಒಳತಂತಿ ಅಪ್ಪಟ ತಾಮ್ರದ್ದು. 30 ಮೀಟರಿಗೆ 7–8 ಡಿಬಿ (ಡೆಸಿಬೆಲ್) ನಷ್ಟ ಸಹಜ, ಅದನ್ನು ಎಲ್‌ಎನ್‌ಬಿ ತಡೆದುಕೊಳ್ಳುತ್ತದೆ. ಎಫ್ ಕನೆಕ್ಟರ್ ಹಾಕುವಾಗ ಒಳತಂತಿ ಅಂಚಿನಿಂದ 2–3 ಮಿ.ಮೀ. ಹೊರಗಿರಬೇಕು, ಜಾಲರಿಯ ಒಂದೇ ಒಂದು ಎಳೆಯೂ ಅದಕ್ಕೆ ತಾಗಬಾರದು. ಕೂದಲೆಳೆಯಷ್ಟು ತಂತಿ ತಾಗಿದರೂ ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ ಶಾರ್ಟ್ ಆಗುತ್ತದೆ. ಕಿಟಕಿಯಿಂದ ಕೇಬಲ್ ಒಳಗೆ ಬರುವ ಮುನ್ನ ‘ಯು’ ಆಕಾರದಲ್ಲಿ ಸ್ವಲ್ಪ ಜೋತುಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಎಲ್‌ಎನ್‌ಬಿ ತುದಿಯ ಕನೆಕ್ಟರಿಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ. ಮಾಮೂಲಿ ಇನ್ಸುಲೇಶನ್ ಟೇಪು ಒಂದು ಬೇಸಿಗೆ ಕಳೆದರೆ ಬಿಚ್ಚಿಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಇದನ್ನು ಬಿಟ್ಟರೆ ಜೂನ್ ದಾಟುವುದು ಕಷ್ಟ. ಡಿಶ್‌ನ ಕಂಬಕ್ಕೆ ಅರ್ಥಿಂಗ್ ಮರೆಯಬೇಡಿ.

ಕಾರ್ಡ್ ಕೂರಿಸಿ, ಡ್ರೈವರ್ ನೋಡಿ

ಇದು ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಯಾವುದೇ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒತ್ತಿ ಕೂರಿಸಿ ಸ್ಕ್ರೂ ಹಾಕಿ. ಚಿಕ್ಕ ಕಾರ್ಡ್ ಉದ್ದದ ಸ್ಲಾಟಿನಲ್ಲೂ ಕೂರುತ್ತದೆ. ಕಾರ್ಡಿನಲ್ಲಿ ಬೇರೆ ಪವರ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ ತಂತಿ ಕೊಡಿ. ಕೇಬಲ್ ಮೂಲಕ ಎಲ್‌ಎನ್‌ಬಿಗೆ ವಿದ್ಯುತ್ ಕೊಡುವುದು ಈ ಕಾರ್ಡೇ: ಲಂಬಕ್ಕೆ 13 ವೋಲ್ಟ್, ಅಡ್ಡಕ್ಕೆ 18. ಸಾಕೆಟ್ ಖಾಲಿ ಬಿಟ್ಟರೆ ಕಾರ್ಡ್ ಕಾಣುತ್ತದೆ, ಡ್ರೈವರ್ ಏರುತ್ತದೆ, ಎಲ್‌ಎನ್‌ಬಿ ಮಾತ್ರ ಸತ್ತಿರುತ್ತದೆ. ಡಿಶ್ ಕೇಬಲನ್ನು ಸಿಕ್ಕಿಸುವುದು, ಕೀಳುವುದು ಯಾವಾಗಲೂ ಕಂಪ್ಯೂಟರ್ ಆರಿಸಿದ ಮೇಲೆಯೇ. ವಿದ್ಯುತ್ ಇರುವಾಗ ಕನೆಕ್ಟರ್ ತಿರುಗಿಸಿ ಕ್ಷಣಕಾಲ ಶಾರ್ಟ್ ಆದರೂ ಕಾರ್ಡಿನ ವೋಲ್ಟೇಜ್ ಚಿಪ್ ಸುಡಬಹುದು.

ಲಿನಕ್ಸ್ ಏರಿದ ಮೇಲೆ ಡೆವ್ ಫೋಲ್ಡರಿನೊಳಗೆ ಡಿವಿಬಿ ಎಂಬ ಫೋಲ್ಡರ್, ಅದರೊಳಗೆ ಅಡಾಪ್ಟರ್0, ಅದರೊಳಗೆ ಫ್ರಂಟ್‌ಎಂಡ್0 ಕಂಡರೆ ಡ್ರೈವರ್ ಸರಿಯಿದೆ. ಕಾಣದಿದ್ದರೆ ಕರ್ನಲ್ ಲಾಗ್ ತೆರೆಯಿರಿ. ಫರ್ಮ್‌ವೇರ್ ಸಿಗಲಿಲ್ಲ, ಎರರ್ -2 ಎಂದಿದ್ದರೆ ಡ್ರೈವರ್ ಇದೆ, ಚಿಪ್ಪಿಗೆ ತುಂಬಬೇಕಾದ ಫರ್ಮ್‌ವೇರ್ ಫೈಲ್ ಇಲ್ಲ ಎಂದರ್ಥ. ಲಾಗಿನಲ್ಲೇ ಆ ಫೈಲಿನ ಹೆಸರಿರುತ್ತದೆ, ಅದೇ ಹೆಸರಿನ ಫೈಲನ್ನು ಫರ್ಮ್‌ವೇರ್ ಫೋಲ್ಡರಿಗೆ ಹಾಕಿ, ಪೂರ್ತಿ ಆರಿಸಿ ಮತ್ತೆ ಹೊತ್ತಿಸಿ. ಬರೀ ರೀಸ್ಟಾರ್ಟ್ ಮಾಡಿದರೆ ಕೆಲವು ಚಿಪ್‌ಗಳು ಹಳೆಯ ಸ್ಥಿತಿಯಲ್ಲೇ ಉಳಿಯುತ್ತವೆ. ಹೊರಗಿನಿಂದ ಕಂಪೈಲ್ ಮಾಡಿದ ಡ್ರೈವರ್ ‘ಕೀ’ ತಿರಸ್ಕೃತ ಎಂಬ ಸಂದೇಶದೊಂದಿಗೆ ನಿಂತರೆ ಅದು ಬಯಾಸ್‌ನ ಸೆಕ್ಯೂರ್ ಬೂಟ್ ತಡೆ. ಮಾಡ್ಯೂಲಿಗೆ ಸಹಿ ಹಾಕಿ, ಇಲ್ಲವೇ ಸೆಕ್ಯೂರ್ ಬೂಟ್ ಆರಿಸಿ.

ವಿಂಡೋಸ್‌ನಲ್ಲೂ ಆಗುತ್ತದೆ. ವಿಂಡೋಸ್‌ನದೇ ಆದ ಮೀಡಿಯಾ ಸೆಂಟರ್ ವಿಂಡೋಸ್ 10ರಲ್ಲಿ ಹೋಯಿತು, ಆದರೆ ನೆಕ್ಸ್ಟ್‌ಪಿವಿಆರ್ ಎಂಬ ಟಿವಿ ಸಾಫ್ಟ್‌ವೇರ್ ಇದೆ. ಫ್ರೀಕ್ವೆನ್ಸಿ, ಎಲ್‌ಎನ್‌ಬಿ ಲೆಕ್ಕವೆಲ್ಲ ಒಂದೇ.

ಟಿವಿಹೆಡೆಂಡ್: ಸೊನ್ನೆಗಳನ್ನು ಎಣಿಸಿ

ಟಿವಿಹೆಡೆಂಡ್ ಹಿನ್ನೆಲೆಯಲ್ಲಿ ಓಡುತ್ತ ಟ್ಯೂನರನ್ನು ಆಳುತ್ತದೆ. ಬ್ರೌಸರಿನಲ್ಲಿ 9981 ಪೋರ್ಟಿನಲ್ಲಿ ಅದರ ಪುಟ ತೆರೆಯುತ್ತದೆ. ಅದು ಓಡುವ ಬಳಕೆದಾರ ಹೆಸರನ್ನು ‘ವಿಡಿಯೊ’ ಗುಂಪಿಗೆ ಸೇರಿಸಿರಬೇಕು, ಇಲ್ಲದಿದ್ದರೆ ಕಾರ್ಡ್ ಇದ್ದರೂ ಅಡಾಪ್ಟರ್ ಪಟ್ಟಿ ಖಾಲಿ.

ಮೊದಲು ನೆಟ್‌ವರ್ಕ್ಸ್‌ನಲ್ಲಿ ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಮಾಡಿ, ಕಕ್ಷೆ 93.5 ಪೂರ್ವ. ಜೊತೆಗೆ ಬರುವ ಸಿದ್ಧ ಪಟ್ಟಿ ಹಳೆಯದಿರಬಹುದು, ಮಕ್ಸ್ ನೀವೇ ಸೇರಿಸುವುದು ಒಳ್ಳೆಯದು. (ಟ್ರಾನ್ಸ್‌ಪಾಂಡರಿಗೆ ಇಲ್ಲಿ ‘ಮಕ್ಸ್’ ಎನ್ನುತ್ತಾರೆ.) ಫ್ರೀ ಡಿಶ್ ಬಳಸುತ್ತ ಬಂದಿರುವ 11090 ವಿ 29500 (ಫ್ರೀಕ್ವೆನ್ಸಿ ಮೆಗಾಹರ್ಟ್ಸ್‌ನಲ್ಲಿ, ಲಂಬ, ಸಿಂಬಲ್ ರೇಟ್ ಸಾವಿರಗಳಲ್ಲಿ) ತೆಗೆದುಕೊಳ್ಳಿ. ಸೆಟ್‌ಟಾಪ್ ಬಾಕ್ಸಿನಲ್ಲಿ ಹಾಗೇ ಒತ್ತುತ್ತೇವೆ. ಟಿವಿಹೆಡೆಂಡ್ ಮಾತ್ರ ಫ್ರೀಕ್ವೆನ್ಸಿಯನ್ನು ಕಿಲೋಹರ್ಟ್ಸ್‌ನಲ್ಲಿ, ಸಿಂಬಲ್ ರೇಟನ್ನು ಬಿಡಿ ಸಿಂಬಲಿನಲ್ಲಿ ಕೇಳುತ್ತದೆ. ಅಂದರೆ 11090000 ಮತ್ತು 29500000. ಮೂರು ಸೊನ್ನೆ ಬಿಟ್ಟವರ ಸ್ಕ್ಯಾನ್ ಒಂದೇ ಕ್ಷಣದಲ್ಲಿ ‘ಫೇಲ್’ ಎಂದು ಮುಗಿಯುತ್ತದೆ. ಎಂಪೆಗ್-2 ಸ್ಲಾಟಿಗೆ ಡೆಲಿವರಿ ಸಿಸ್ಟಮ್ ಡಿವಿಬಿ-ಎಸ್, ಕ್ಯೂಪಿಎಸ್‌ಕೆ, ಎಫ್‌ಇಸಿ ಆಟೊ. ಎಸ್2 ಸ್ಲಾಟಿಗೆ ಡಿವಿಬಿ-ಎಸ್2 ಎಂದೇ ಆರಿಸಬೇಕು, ಅದನ್ನು ಆಟೊ ಊಹಿಸುವುದಿಲ್ಲ.

ಆಮೇಲೆ ಟಿವಿ ಅಡಾಪ್ಟರ್ಸ್. ಡಿವಿಬಿ-ಎಸ್ ಫ್ರಂಟ್‌ಎಂಡನ್ನು ಎನೇಬಲ್ ಮಾಡಿ, ಸ್ಯಾಟ್‌ಕಾನ್ಫಿಗ್‌ನಲ್ಲಿ ‘ಯೂನಿವರ್ಸಲ್ ಎಲ್‌ಎನ್‌ಬಿ ಓನ್ಲಿ’ ಆರಿಸಿ ಸೇವ್ ಮಾಡಿ. ಆಗ ಎಡಗಡೆಯ ಮರದಲ್ಲಿ ಒಂದು ಹೊಸ ಕೊಂಬೆ ಮೂಡುತ್ತದೆ; ಅದನ್ನು ಬಿಡಿಸಿ, ಒಳಗಿನ ಎಲ್‌ಎನ್‌ಬಿ ಸಾಲನ್ನು ಕ್ಲಿಕ್ಕಿಸಿ ಅಲ್ಲಿ ನೆಟ್‌ವರ್ಕನ್ನು ಜೋಡಿಸಬೇಕು. ಮೇಲಿನ ಪುಟದಲ್ಲಿ ಹುಡುಕಿ ಸುಸ್ತಾಗುವುದು ಬೇಡ, ಈ ಆಯ್ಕೆ ಅಲ್ಲಿರುವುದಿಲ್ಲ.

ಇಲ್ಲಿ ಏನಾಗುತ್ತಿದೆ ಎಂಬ ಲೆಕ್ಕ ತಿಳಿದಿರಲಿ. 11090 ಮೆಗಾಹರ್ಟ್ಸ್ ಕೇಬಲಿನಲ್ಲಿ ಬರಲಾರದು. ಎಲ್‌ಎನ್‌ಬಿ ತನ್ನೊಳಗಿನ 9750 ಅನ್ನು ಕಳೆದು 1340 ಮೆಗಾಹರ್ಟ್ಸ್ ಮಾಡಿ ಕೆಳಗೆ ಕಳಿಸುತ್ತದೆ. 11700ರ ಮೇಲಿನದನ್ನು ಕೇಳಿದರೆ ಕಾರ್ಡ್ 22 ಕಿಲೋಹರ್ಟ್ಸ್ ಟೋನ್ ಹಾಕುತ್ತದೆ, ಎಲ್‌ಎನ್‌ಬಿ ಆಗ 10600 ಕಳೆಯುತ್ತದೆ. ಎಲ್‌ಎನ್‌ಬಿ ಮೇಲೆ ಬರೆದಿರುವ ಅಂಕಿ 9750/10600 ಅಲ್ಲದೆ ಬೇರೆ ಇದ್ದರೆ, ಉದಾಹರಣೆಗೆ ಒಂದೇ 10600 ಇದ್ದರೆ, ಕಳೆಯುವ ಲೆಕ್ಕವೇ ತಪ್ಪಿ ಕಾರ್ಡ್ ಖಾಲಿ ಜಾಗದಲ್ಲಿ ಹುಡುಕುತ್ತಿರುತ್ತದೆ. ಒಂದೇ ಎಲ್‌ಎನ್‌ಬಿಯಿಂದ ಎರಡು ಟ್ಯೂನರಿಗೆ ಕೊಡಲು ಟ್ವಿನ್ ಎಲ್‌ಎನ್‌ಬಿ ತಂದು ಎರಡು ಕೇಬಲ್ ಎಳೆಯಿರಿ. ಸ್ಪ್ಲಿಟರ್ ಹಾಕಿದರೆ ಒಂದು ಟ್ಯೂನರ್ 18 ವೋಲ್ಟ್ ಕೇಳಿದ ಕ್ಷಣ 13 ಕೇಳಿದ ಇನ್ನೊಂದರ ಚಿತ್ರ ಹೋಗುತ್ತದೆ.

ಸ್ಕ್ಯಾನ್ ‘ಓಕೆ’ ಆದಮೇಲೆ ಸರ್ವಿಸಸ್‌ನಿಂದ ಚಾನೆಲ್‌ಗಳನ್ನು ಮ್ಯಾಪ್ ಮಾಡಿದರೆ ಮುಗಿಯಿತು. ಸ್ಲಾಟುಗಳನ್ನು ಪ್ರಸಾರ ಭಾರತಿ ಹರಾಜು ಹಾಕುವುದರಿಂದ ಚಾನೆಲ್‌ಗಳು ಬಂದುಹೋಗುತ್ತಿರುತ್ತವೆ; ಇದ್ದಕ್ಕಿದ್ದಂತೆ ಒಂದು ಕಾಣೆಯಾದರೆ ಡಿಶ್ ಮುಟ್ಟುವ ಮುನ್ನ ಒಮ್ಮೆ ಮರುಸ್ಕ್ಯಾನ್ ಮಾಡಿ.

ಕೋಡಿ, ಮತ್ತು ಬಾಚಣಿಗೆ ಹಲ್ಲು

ಕೋಡಿಯಲ್ಲಿ ಟಿವಿಹೆಡೆಂಡ್ ಎಚ್‌ಟಿಎಸ್‌ಪಿ ಕ್ಲೈಂಟ್ ಆಡಾನ್ ಹಾಕಿ, ಸರ್ವರ್ ವಿಳಾಸ, ಪೋರ್ಟ್ 9982, ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಡಿ. ಚಿತ್ರ ಬರುತ್ತದೆ. ಆಗ ಕಣ್ಣಿಗೆ ಬೀಳುವುದು ಪರದೆಯ ಕೆಳಗೆ ಓಡುವ ಸುದ್ದಿಪಟ್ಟಿ: ಅಕ್ಷರಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು. ನಮ್ಮ ಸಾಮಾನ್ಯ ಎಸ್‌ಡಿ ಚಾನೆಲ್‌ಗಳು 576 ಸಾಲಿನ ಇಂಟರ್‌ಲೇಸ್ ಚಿತ್ರಗಳು. ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ, ಸೆಕೆಂಡಿಗೆ 50 ಬಾರಿ. ಎರಡನ್ನೂ ಒಟ್ಟಿಗೆ ಹೊಲಿದರೆ ಓಡುವ ವಸ್ತುವಿನಲ್ಲಿ ಹಲ್ಲು ಮೂಡುತ್ತದೆ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ವಿಎಎಪಿಐ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್‌ಗೆ ಒಪ್ಪಿಸುವ ವ್ಯವಸ್ಥೆ) ಆನ್ ಮಾಡಿ, ಚಾನೆಲ್ ಓಡುತ್ತಿರುವಾಗಲೇ ವಿಡಿಯೊ ಸೆಟ್ಟಿಂಗ್‌ನಲ್ಲಿ ಡಿಇಂಟರ್‌ಲೇಸ್ ವಿಧಾನ ಮೋಷನ್ ಕಾಂಪೆನ್ಸೇಟೆಡ್ ಎಂದು ಆರಿಸಿ, ಎಲ್ಲ ಚಾನೆಲ್ಲಿಗೂ ಡಿಫಾಲ್ಟ್ ಮಾಡಿ.

ಹಲ್ಲು ಹೋದಮೇಲೂ ಸುದ್ದಿಪಟ್ಟಿ ಕುಂಟುತ್ತ ಓಡಿದರೆ ಟಿವಿ 60 ಹರ್ಟ್ಸ್‌ನಲ್ಲಿದೆ ಎಂದರ್ಥ. 50 ಚಿತ್ರವನ್ನು 60ಕ್ಕೆ ಹಂಚುವಾಗ ಪ್ರತಿ ಐದರಲ್ಲೊಂದು ಎರಡು ಸಲ ಕಾಣುತ್ತದೆ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಆನ್ ಮಾಡಿ, ಟಿವಿಯ 50 ಹರ್ಟ್ಸ್ ಮೋಡನ್ನು ವೈಟ್‌ಲಿಸ್ಟಿಗೆ ಸೇರಿಸಿ. ಸೆಟ್‌ಟಾಪ್ ಬಾಕ್ಸಿಗಿಂತ ಕಂಪ್ಯೂಟರಿನ ಚಿತ್ರ ಚೆನ್ನಾಗಿಲ್ಲ ಎಂಬ ದೂರಿನ ಮೂಲ ಬಹುಪಾಲು ಈ ಎರಡೇ.

ರೆಕಾರ್ಡಿಂಗಿಗೆ ಲೆಕ್ಕ ಸುಲಭ: ಒಂದು ಮೆಗಾಬಿಟ್ ಎಂದರೆ ಗಂಟೆಗೆ 0.45 ಜಿಬಿ. 3 ಮೆಗಾಬಿಟ್ ಚಾನೆಲ್ಲಿನ ಮೂರೂವರೆ ಗಂಟೆ ರೆಕಾರ್ಡಿಂಗ್ ಸುಮಾರು 4.7 ಜಿಬಿ ಆಗುತ್ತದೆ; ಒಂದು ಫೈಲು ಸುಮಾರು 4.3 ಜಿಬಿ ದಾಟಲು ಫ್ಯಾಟ್32 ಬಿಡುವುದಿಲ್ಲ, ಆದ್ದರಿಂದ ಡಿಸ್ಕ್ ಫ್ಯಾಟ್32 ಆಗಿರಬಾರದು.

ಚಿತ್ರ ಒಡೆದಾಗ

ಟಿವಿಹೆಡೆಂಡ್‌ನ ಸ್ಟೇಟಸ್ ಪುಟದಲ್ಲಿ ಎರಡು ಅಂಕಿ ಕಾಣುತ್ತವೆ. ಸಿಗ್ನಲ್ ಸ್ಟ್ರೆಂತ್ ಅಂಕಿಗೆ ಮರುಳಾಗಬೇಡಿ, ಅದರಲ್ಲಿ ಗದ್ದಲವೂ ಸೇರಿರುತ್ತದೆ. ನೋಡಬೇಕಾದ್ದು ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರಾಗಿದೆ ಎಂಬ ಅಂಕಿ. 3/4 ಎಫ್‌ಇಸಿಯ ಡಿವಿಬಿ-ಎಸ್‌ನಲ್ಲಿ ಸುಮಾರು 7 ಡಿಬಿಗಿಂತ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ತಿಳಿ ಆಕಾಶದಲ್ಲಿ 11–12 ಇದ್ದರೆ ಮಳೆಗೆ ನಾಲ್ಕೈದು ಡಿಬಿ ಉಳಿತಾಯ ಇದೆ ಎಂದಾಯಿತು. 8 ಇದ್ದಾಗಲೂ ಚಿತ್ರ ಅಷ್ಟೇ ಸ್ವಚ್ಛವಾಗಿರುವುದರಿಂದ ಬೇಸಿಗೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ಮುಂಗಾರಿಗೆ ಟಿವಿ ಹೋಗುತ್ತದೆ.

ಎಸ್‌ಎನ್‌ಆರ್ ಚೆನ್ನಾಗಿದ್ದು, ಸರಿಪಡಿಸಲಾಗದ ಬ್ಲಾಕುಗಳು ಸೊನ್ನೆಯಿದ್ದು, ಆದರೂ ಕಂಟಿನ್ಯುಯಿಟಿ ಎರರ್ (ಧಾರೆಯ ತುಣುಕುಗಳು ನಡುವೆ ತಪ್ಪಿಹೋದ ಲೆಕ್ಕ) ಏರುತ್ತಿದ್ದರೆ ಡಿಶ್ ನಿರಪರಾಧಿ. ಧಾರೆ ಕಂಪ್ಯೂಟರಿನೊಳಗೆ ಸೋರುತ್ತಿದೆ. ಯುಎಸ್‌ಬಿ ಹಬ್, ಸುಸ್ತಾದ ಹಾರ್ಡ್‌ಡಿಸ್ಕ್, ಕಾರ್ಡಿನ ವಿದ್ಯುತ್ ಉಳಿತಾಯ ಸೆಟ್ಟಿಂಗ್ ಇವನ್ನು ನೋಡಿ. ಸ್ಲೀಪಿನಿಂದ ಎದ್ದಮೇಲೆ ಮಾತ್ರ ಟ್ಯೂನರ್ ಸತ್ತಿದ್ದರೆ, ಮಲಗುವ ಮುನ್ನ ಡ್ರೈವರ್ ಮಾಡ್ಯೂಲನ್ನು ಇಳಿಸಿ, ಎದ್ದಮೇಲೆ ಏರಿಸುವ ಸಣ್ಣ ಸ್ಕ್ರಿಪ್ಟ್ ಬೇಕಾಗುತ್ತದೆ. ರಾತ್ರಿ ದಿನಾ ಒಂದೇ ಹೊತ್ತಿಗೆ ‘ಟ್ಯೂನರ್ ಖಾಲಿ ಇಲ್ಲ’ ಎಂದರೆ ಟಿವಿಹೆಡೆಂಡ್ ಆಗ ಕಾರ್ಯಕ್ರಮ ಪಟ್ಟಿ ಹೆಕ್ಕಲು ಟ್ಯೂನರನ್ನು ತಾನೇ ಹಿಡಿದುಕೊಂಡಿರಬಹುದು, ಆ ವೇಳೆಯನ್ನು ಬೆಳಗಿನ ಜಾವಕ್ಕೆ ಬದಲಿಸಿ.

ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿ ಐದೂವರೆ ಗಂಟೆ ಮುಂದೆ ಕಂಡರೆ ಗಡಿಯಾರ ತಿರುಗಿಸಲು ಹೋಗಬೇಡಿ. ಧಾರೆಯಲ್ಲಿ ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಹಾಕಬೇಕು; ಪ್ರಸಾರದ ಕಡೆಯವರು ಭಾರತೀಯ ಸಮಯವನ್ನೇ ಹಾಕಿದರೆ ನಮ್ಮ ಯಂತ್ರ ಅದಕ್ಕೆ ಮತ್ತೊಂದು 5:30 ಕೂಡಿಸುತ್ತದೆ. ಟಿವಿಹೆಡೆಂಡ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ಇಐಟಿ (ಧಾರೆಯಲ್ಲಿ ಬರುವ ಕಾರ್ಯಕ್ರಮ ಪಟ್ಟಿ) ಟೈಮ್ ಆಫ್‌ಸೆಟ್ ಅನ್ನು ಸ್ಥಳೀಯ ಸಮಯ ಎಂದು ಮಾಡಿದರೆ ರಾತ್ರಿ ಒಂಬತ್ತರ ಕಾರ್ಯಕ್ರಮ ಒಂಬತ್ತಕ್ಕೇ ರೆಕಾರ್ಡ್ ಆಗುತ್ತದೆ.